ಒಂದು ಸಾಲು ತಿದ್ದಲು ಎರಡು ವರ್ಷ

ಸಂಘ ಎಂದ ಮೇಲೆ ಸಭೆ, ಸಭೆ ಎಂದ ಮೇಲೆ ನಿಯಮ, ನಿಯಮ ಎಂದ ಮೇಲೆ ಆ ನಿಯಮ ಮಾಡುವುದಕ್ಕೆ ಇನ್ನೊಂದು ಸಭೆ. ಗಾಣದೆತ್ತಿನ ಹಾಗೆ ಇದು ಸುತ್ತುತ್ತಲೇ ಇರುತ್ತದೆ. ವ್ಯತ್ಯಾಸ ಒಂದೇ, ಗಾಣದಲ್ಲಿ ಕೊನೆಗೆ ಎಣ್ಣೆಯಾದರೂ ಬರುತ್ತದೆ.

ನಾನು ದೊಡ್ಡ ಮನುಷ್ಯನೇನಲ್ಲ. ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ, ನಾಲ್ಕು ತರಗತಿಗೂ ಒಬ್ಬರೇ ಮೇಷ್ಟ್ರು ಇದ್ದ ಶಾಲೆಯಲ್ಲಿ ಓದಿದವನು. ಈಗ ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಮನೆ ಸ್ಕೋಫೀಲ್ಡ್ಸಿನಲ್ಲಿ. ಬೆಳಿಗ್ಗೆ ಪೂಜೆ, ಆಮೇಲೆ ರೈಲು, ಸಂಜೆ ಮತ್ತೆ ರೈಲು, ಸಂಧ್ಯಾವಂದನೆ, ಊಟ, ಇಷ್ಟೇ ನನ್ನ ದಿನಚರಿ. ಇದರ ನಡುವೆ ಕನ್ನಡ ಸಂಘದ ಕಾರ್ಯದರ್ಶಿ ಹೇಗಾದೆ ಎಂದು ಕೇಳಿದರೆ, ಒಂದು ವರ್ಷ ಸಭೆ ಮುಗಿಯುವಾಗ ಎಲ್ಲರೂ ಎದ್ದು ಹೋಗಿದ್ದರು. ನನ್ನ ಕಾರಿನ ಕೀ ಹೆಂಡತಿಯ ಬ್ಯಾಗಿನಲ್ಲಿತ್ತು, ಅವಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಕುರ್ಚಿಯ ಮೇಲೆ ಕೂತಿದ್ದವನು ನಾನೊಬ್ಬನೇ. ಆಯ್ಕೆ ಸರ್ವಾನುಮತದಿಂದ ಆಯಿತು.

೧. ಯಜಮಾನರ ಹೆಸರು

ನಮ್ಮ ಸಂಘಕ್ಕೆ ಎರಡು ಶಾಖೆ, ಸಿಡ್ನಿ ಮತ್ತು ಮೆಲ್ಬರ್ನ್. ಎರಡಕ್ಕೂ ಸೇರಿ ಒಂದೇ ಸಂವಿಧಾನ. ಮೊದಮೊದಲು ಇಲ್ಲಿಗೆ ಬಂದ ಹಿರಿಯರು ಬರೆದದ್ದು. ಅದರಲ್ಲೊಂದು ಸಾಲು: "ಸದಸ್ಯರೆಂದರೆ ಕುಟುಂಬದ ಯಜಮಾನರು. ಅವರ ಪತ್ನಿ ಹಾಗೂ ಮಕ್ಕಳು ಅವರ ಮೂಲಕ ಸದಸ್ಯರು." ಈ ಸಾಲನ್ನು ಯಾರೂ ಓದಿರಲಿಲ್ಲ. ಟೂಂಗಾಬಿ ಬಡಾವಣೆಯ ಹಿರಿಯ ಸದಸ್ಯರು, ನಮ್ಮೆಲ್ಲರ ಟೂಂಗಾಬಿ ಅಂಕಲ್, ತೀರಿಕೊಂಡ ಮೇಲೆ ಎಲ್ಲರೂ ಓದಿದೆವು.

ಅವರ ಹೆಂಡತಿಯನ್ನು ಚಿಕ್ಕವರೆಲ್ಲ ಟೂಂಗಾಬಿ ಆಂಟಿ ಎನ್ನುತ್ತಾರೆ. ಉಡುಪಿ ಕಡೆಯವರು, ಮನೆಯಲ್ಲಿ ತುಳು, ನಮ್ಮ ಜೊತೆ ಕನ್ನಡ. ಎಷ್ಟೋ ವರ್ಷದಿಂದ ಭಾನುವಾರದ ಕನ್ನಡ ತರಗತಿ ಅವರದೇ, ಹಬ್ಬದ ಅಡುಗೆಯೂ ಅವರದೇ. ಅಂಕಲ್ ತೀರಿಕೊಂಡ ವರ್ಷವೇ ಆಂಟಿ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, "ಮಕ್ಕಳ ಪುಸ್ತಕ ಇಡಲಿಕ್ಕೆ ಒಂದು ಕಪಾಟು ಕೊಡಿಸ್ತೀರಾ?" ಎಂದು ಕೇಳಿದರು. ನಮ್ಮ ಅಧ್ಯಕ್ಷರು ಬೆಂಗಳೂರಿನ ಹುಡುಗ, ಐಟಿ ಕೆಲಸ, ಮನಸ್ಸು ಒಳ್ಳೆಯದು. ಲ್ಯಾಪ್‌ಟಾಪ್ ನೋಡಿ, "ಸಾರಿ ಆಂಟಿ, ಲಿಸ್ಟಲ್ಲಿ ನಿಮ್ಮ ಹೆಸರು ಬರ್ತಿಲ್ಲ. ಮೆಂಬರ್ಸ್ ಮಾತ್ರ ಕೇಳಬಹುದು" ಎಂದರು.

"ಹೌದಾ," ಎಂದು ಆಂಟಿ ಕೂತುಬಿಟ್ಟರು. ಅಷ್ಟೇ. ಆದರೆ ಆ "ಹೌದಾ" ಕೇಳಿದವರು ಯಾರೂ ಆವತ್ತು ಎರಡನೇ ಸಲ ಸಾರು ಬಡಿಸಿ ಎಂದು ಕೇಳಲಿಲ್ಲ.

ಮುಂದಿನ ವಾರ ಆಂಟಿ ಸದಸ್ಯತ್ವದ ಅರ್ಜಿ ತುಂಬಿ ತಂದರು. ಮೊದಲ ಕಲಮಿನಲ್ಲೇ "ಯಜಮಾನರ ಹೆಸರು" ಎಂದಿತ್ತು. ಅಲ್ಲಿ ದುಂಡಗೆ "ಶ್ರೀಕೃಷ್ಣ, ಉಡುಪಿ" ಎಂದು ಬರೆದಿದ್ದರು.

ಅಧ್ಯಕ್ಷರಿಗೆ ಪೇಚಾಟಕ್ಕಿಟ್ಟುಕೊಂಡಿತು. "ಆಂಟಿ, ಯಜಮಾನರ ಇಮೇಲ್ ಐಡಿ ಇಲ್ಲದಿದ್ರೆ ಸಿಸ್ಟಮ್ ತಗೊಳಲ್ಲ."

"ಇಮೇಲ್ ಇಲ್ಲ ಮಾರಾಯ್ರೆ," ಎಂದರು ಆಂಟಿ, "ಕನಕನ ಕಿಂಡಿ ಉಂಟು. ಅರ್ಜೆಂಟ್ ಇದ್ದರೆ ಅದರಲ್ಲಿ ನೋಡಿ."

೨. ಒಂದೇ ವಿಷಯ

ಆ ಸಾಲನ್ನು ತಿದ್ದಬೇಕು ಎಂಬುದಕ್ಕೆ ಯಾರದೂ ತಕರಾರಿರಲಿಲ್ಲ. ಆದರೆ ಸಂವಿಧಾನ ತಿದ್ದಲು ಎರಡೂ ಶಾಖೆ ಸೇರಿದ "ತಿದ್ದುಪಡಿ ಸಮಾವೇಶ" ನಡೆಯಬೇಕು ಎಂದು ಅದೇ ಸಂವಿಧಾನ ಹೇಳುತ್ತದೆ. ಸಮಾವೇಶ ಹೇಗೆ ನಡೆಸಬೇಕು ಎಂದು ಮಾತ್ರ ಎಲ್ಲೂ ಹೇಳುವುದಿಲ್ಲ. ಹಿರಿಯರು ಅಲ್ಲಿಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿರಬೇಕು. ಹಾಗಾಗಿ ಸಮಾವೇಶಕ್ಕೆ ನಿಯಮ ಬರೆಯಲು ಒಂದು ನಿಯಮ ಸಮಿತಿ ಆಯಿತು. ಇಲ್ಲಿಂದ ಮೂವರು, ಅಲ್ಲಿಂದ ಮೂವರು, ನಡುವೆ ಜೂಮ್.

ಮೆಲ್ಬರ್ನ್ ಕಡೆಯ ಮುಖ್ಯಸ್ಥರು ಧಾರವಾಡದ ಹಿರಿಯರು, ನಿವೃತ್ತ ಇಂಜಿನಿಯರ್. ಮೊದಲ ದಿನವೇ ಎಚ್ಚರಿಸಿದರು. "ನೋಡ್ರಿ, ಒಂದ್ ಸಾಲು ತಿದ್ದಾಕಂತ ಬಾಗಿಲಾ ತಗದ್ರ, ಆ ಬಾಗಿಲದಾಗ ಯಾರ್ಯಾರು ಹೊಕ್ಕೊಂತಾರ ಹೇಳಾಕ ಬರಂಗಿಲ್ಲ. ಒಬ್ಬಾಂವ ಸಂಘದ ಹೆಸರ ಬದಲಿ ಮಾಡ್ರಿ ಅಂತಾನ. ಇನ್ನೊಬ್ಬಾಂವ ಯುಗಾದಿ ಸಿಡ್ನಿಯೊಳಗ ಯಾಕ, ಮೆಲ್ಬರ್ನಿನೊಳಗ ಮಾಡ್ರಿ ಅಂತಾನ."

"ಯಾರು ಹಾಗೆ ಅನ್ನೋದು?" ಎಂದು ಕೇಳಿದೆ.

"ನಾನ ಅಂತೀನ್ರಿ. ಅದಕ್ಕ ಈಗ ಹೇಳಾಕತ್ತೀನಿ, ನನ್ನ ತಡೀರಿ."

ಆದ್ದರಿಂದ ಮೊದಲ ನಿಯಮ ಹೀಗಾಯಿತು: ಆ ಒಂದು ಸಾಲಿನ ಹೊರತು ಸಮಾವೇಶದಲ್ಲಿ ಬೇರೆ ಯಾವ ವಿಷಯವನ್ನೂ ಮಾತಾಡಕೂಡದು. ನಾನು ನಿಧಾನವಾಗಿ ಬರೆದು ಮುಗಿಸಿದೆ. ಆಗ ಹಿರಿಯರು ಕನ್ನಡಕ ತೆಗೆದು ಕೇಳಿದರು, "ಹಂಗಾದ್ರ, ಬ್ಯಾರೆ ವಿಷಯ ಮಾತಾಡಾವ್ರಿಗೆ ಸುಮ್ನಿರ್ರಿ ಅಂತ ಹೇಳೂದೂ ಬ್ಯಾರೆ ವಿಷಯ ಆತಲ್ರಿ?"

ಎರಡನೇ ನಿಯಮವನ್ನು ಅದಕ್ಕಾಗಿಯೇ ಮಾಡಿದೆವು. ಅದಕ್ಕೆ ಮೂರು ಭಾನುವಾರ ಹಿಡಿಯಿತು. ಸುಮ್ಮನಿರಲು ಹೇಳುವವರು ಎಷ್ಟು ಹೊತ್ತು ಹೇಳಬಹುದು ಎಂಬುದರ ಬಗ್ಗೆ ಒಮ್ಮತ ಬರಲಿಲ್ಲ.

೩. ಎರಡು ರಾಹುಕಾಲ

ಅಂತೂ ಕರಡು ಸಿದ್ಧವಾಯಿತು. ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಅದಕ್ಕೆ ಸಮಿತಿಯ ಒಪ್ಪಿಗೆ ಪಡೆಯುವುದೆಂದು ತೀರ್ಮಾನ. ಟೂಂಗಾಬಿ ಹತ್ತಿರದ ಲೈಬ್ರರಿಯಲ್ಲಿ ಒಂದು ಕೋಣೆ ಹನ್ನೊಂದು ಗಂಟೆಯವರೆಗೆ ಬುಕ್ ಮಾಡಿದ್ದೆವು. ನಾನು ಪಂಚಾಂಗ ನಂಬುವವನು, ಅದನ್ನು ಮುಚ್ಚಿಡುವುದಿಲ್ಲ. ಚರ್ಚೆ ಯಾವಾಗ ಬೇಕಾದರೂ ಆಗಲಿ, ಕೈ ಎತ್ತುವುದು ಮಾತ್ರ ರಾಹುಕಾಲ ಕಳೆದ ಮೇಲೆ ಎಂದೆ. ಎಲ್ಲರೂ ಒಪ್ಪಿದರು. ಒಂದು ಕಪಾಟೂ ಸಿಗದ ಹೆಂಗಸಿನ ಕೆಲಸ ಇದು, ಇದಕ್ಕೆ ರಾಹುವಿನ ಕಣ್ಣು ಬೇರೆ ಬೇಡ.

ಹತ್ತೂ ಮುಕ್ಕಾಲಿಗೆ ನಾನು ಗಂಟಲು ಸರಿಮಾಡಿಕೊಂಡು, "ಇನ್ನು ಕೈ ಎತ್ತಬಹುದು" ಎಂದೆ.

ಪರದೆಯ ಮೇಲೆ ಮೆಲ್ಬರ್ನಿನ ಮೂವರೂ ಕೈಕಟ್ಟಿ ಕೂತಿದ್ದರು. "ಹ್ಯಾಂಗ ಎತ್ತೂದ್ರಿ?" ಎಂದರು ಹಿರಿಯರು. "ನಮಗ ಇನ್ನೂ ರಾಹುಕಾಲ ಐತಿ. ನಮ್ಮಲ್ಲೆ ಸೂರ್ಯ ತಡಾ ಏಳ್ತಾನ. ಹನ್ನೊಂದು ಹತ್ತರ ಮ್ಯಾಲೆ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಅಂಕಲ್, ಸಿಡ್ನಿ ಮೆಲ್ಬರ್ನ್ ಎರಡೂ ಸೇಮ್ ಟೈಮ್ ಝೋನ್ ಅಲ್ವಾ?"

"ಗಡಿಯಾರ ಒಂದೇ ಇರಬಹುದಪ್ಪ," ಎಂದೆ. "ರಾಹು ಸರ್ಕಾರಿ ನೌಕರ ಅಲ್ಲವಲ್ಲ." ಹಿರಿಯರ ಲೆಕ್ಕ ಸರಿಯಾಗಿತ್ತು. ಸೂರ್ಯೋದಯ ಹಿಂದೆ ಬಿದ್ದರೆ ರಾಹುಕಾಲವೂ ಹಿಂದೆ ಬೀಳುತ್ತದೆ. ನಾನೇ ಅದನ್ನು ಮೊದಲು ನೋಡಬೇಕಿತ್ತು.

"ಹಾಗಾದ್ರೆ ನಾವು ಈಗ ಓಟ್ ಮಾಡ್ತೀವಿ, ನೀವು ಆಮೇಲೆ ಮಾಡಿ," ಎಂದರು ಅಧ್ಯಕ್ಷರು.

"ನೀವು ಎತ್ತಿದ್ದು ನೋಡಿ ನಾವು ಎತ್ತಿದಂಗ ಆಗ್ತೈತಿ. ಆಗಂಗಿಲ್ಲ. ಎಲ್ಲಾರೂ ಕೂಡೇ ಎತ್ತಬೇಕು."

ಕಾಯುತ್ತ ಕೂತೆವು. ಒಂದು ಕಡೆ ಶುಭ, ಒಂದು ಕಡೆ ಅಶುಭ, ನಡುವೆ ವೈಫೈ. ಸರಿಯಾಗಿ ಹನ್ನೊಂದಕ್ಕೆ ಲೈಬ್ರರಿಯವಳು ಬಾಗಿಲು ತಟ್ಟಿದಳು. ಅವಳ ಹಿಂದೆ ಉಣ್ಣೆಯ ಉಂಡೆ ಹಿಡಿದ ಐದಾರು ಅಜ್ಜಿಯರು. ಕೋಣೆ ಅವರಿಗೆ ಬುಕ್ ಆಗಿತ್ತು. "ಇನ್ನೊಂದು ಹತ್ತು ನಿಮಿಷ ತಡೀರಿ" ಎಂದು ಪರದೆಯಿಂದ ಹಿರಿಯರು ಕೂಗುತ್ತಿರುವಾಗಲೇ ಲ್ಯಾಪ್‌ಟಾಪ್ ಮುಚ್ಚಬೇಕಾಯಿತು. ಮಧ್ಯಾಹ್ನ ಮಾಡೋಣವೆಂದರೆ ಯಮಗಂಡ.

ಮರೆತ ಛತ್ರಿ ತರಲು ಒಂದು ಗಂಟೆ ಬಿಟ್ಟು ಒಳಗೆ ಹೋದೆ. ಅಜ್ಜಿಯರು ಒಂದು ಜೊತೆ ಕಾಲುಚೀಲ ಮುಗಿಸಿದ್ದರು.

೪. ಕ್ಯಾನ್‌ಬೆರಾದ ಒಂದು ಮನೆ

ಇನ್ನೊಂದು ದಿನ ಎರಡೂ ಊರಿನ ರಾಹುಕಾಲ ಕಳೆದ ಮೇಲೆ ಕರಡಿಗೆ ಒಪ್ಪಿಗೆ ಸಿಕ್ಕಿತು. ಮುಂದಿನ ಗಂಟು ಸಮಾವೇಶದ ಮತದ್ದು. ಕುಟುಂಬಕ್ಕೊಂದು ಮತ ಎಂದರೆ ಸಿಡ್ನಿಯವರು ಹೆಚ್ಚು. ಊರಿಗೊಂದು ಮತ ಎಂದರೆ ಸಮಸಮ. ಸಮ ಬಂದರೆ ಬಗೆಹರಿಸುವವರು ಯಾರು?

"ಕ್ಯಾನ್‌ಬೆರಾ," ಎಂದರು ಹಿರಿಯರು. "ಸಿಡ್ನಿ ಮೆಲ್ಬರ್ನ್ ಕಿತ್ತಾಡ್ತಾವಂತನ ಈ ದೇಶದವರು ನಡುವ ಕ್ಯಾನ್‌ಬೆರಾ ಕಟ್ಯಾರ. ನಾವೂ ಅಲ್ಲೇ ಕೇಳೂಣು."

ಕ್ಯಾನ್‌ಬೆರಾದಲ್ಲಿ ನಮ್ಮ ಸಂಘದ್ದು ಒಂದೇ ಮನೆ, ಮೈಸೂರಿನ ಗಂಡ ಹೆಂಡತಿ. ಫೋನ್ ಮಾಡಿ ಸ್ಪೀಕರಿನಲ್ಲಿಟ್ಟೆವು. ಗಂಡ ಎತ್ತಿಕೊಂಡ. ವಿಷಯವೆಲ್ಲ ಕೇಳಿ, "ಆಗಬಹುದು ಸಾರ್, ಆದ್ರೆ ನಮ್ಮನೇಲಿ ಮತ ಯಾರು ಹಾಕೋದು?" ಎಂದ.

ಹಿಂದಿನಿಂದ ಹೆಂಡತಿಯ ದನಿ: "ಯಾರು ಅಂದ್ರೆ? ನಾನು."

"ಈಗ ನಮ್ಮನೇಲಿ ಒಂದಕ್ಕೊಂದು ಸಾರ್," ಎಂದ ಗಂಡ.

"ನಿಮ್ಮಲ್ಲೇ ಸಮ ಬಂದರೆ ಸಾಮಾನ್ಯವಾಗಿ ಏನು ಮಾಡ್ತೀರಪ್ಪ?" ಎಂದು ಕೇಳಿದೆ.

"ನಮ್ಮತ್ತೆ ಹೇಳಿದ ಹಾಗೆ ಕೇಳ್ತೀವಿ ಸಾರ್."

"ಅತ್ತೆ ಎಲ್ಲಿದ್ದಾರೆ?"

"ಸಿಡ್ನಿಯಲ್ಲಿ."

"ಇಡ್ರಿ, ಫೋನ್ ಇಡ್ರಿ!" ಎಂದು ಮೆಲ್ಬರ್ನಿನಿಂದ ಹಿರಿಯರು ಕೂಗಿದರು. ಬೇರೆ ದಾರಿ ಕಾಣದೆ ಕುಟುಂಬಕ್ಕೊಂದೇ ಮತ ಎಂದಾಯಿತು. ಅದಕ್ಕೆ ಬದಲಾಗಿ ಸಮಾವೇಶದ ಅಧ್ಯಕ್ಷತೆ ಮೆಲ್ಬರ್ನಿನ ಹಿರಿಯರಿಗೆ. ಕನಿಷ್ಠ ನಲವತ್ತು ಕುಟುಂಬ ಹಾಜರಿರಲೇಬೇಕು, ಒಂದು ಕಡಿಮೆಯಾದರೂ ಸಮಾವೇಶ ರದ್ದು ಎಂಬ ನಿಯಮ ಹಾಕಿಸಿದವರೂ ಅವರೇ.

ಆ ಭಾನುವಾರ ತರಗತಿಯಿಂದ ಮಗಳನ್ನು ಕರೆತರಲು ಹೋದಾಗ ಆಂಟಿ ಕೇಳಿದರು, "ನಂದು ಎಲ್ಲಿಗೆ ಬಂತು ಮಾರಾಯ್ರೆ?"

"ಕ್ಯಾನ್‌ಬೆರಾದವರೆಗೆ ಹೋಗಿ ವಾಪಸ್ ಬಂತು," ಎಂದೆ.

"ನಡೆದುಕೊಂಡು ಹೋಗಿತ್ತಾ?"

೫. ತಾಲೀಮು

ನಿಯಮಗಳು ಸರಿಯಾಗಿ ನಡೆಯುತ್ತವೆಯೋ ಇಲ್ಲವೋ ಎಂದು ಮೊದಲೇ ಒಂದು ತಾಲೀಮು ಮಾಡಬೇಕು ಎಂದವರು ನಮ್ಮ ಅಧ್ಯಕ್ಷರು. ಅವರ ಕೆಲಸದಲ್ಲಿ ಹಾಗೆಯೇ ಅಂತೆ, ನಿಜವಾದದ್ದನ್ನು ಬಿಡುವ ಮುಂಚೆ ಒಂದು ಸುಳ್ಳಿನದನ್ನು ನಡೆಸಿ ನೋಡುತ್ತಾರೆ. ಸರಿ, ಒಂದು ಸುಳ್ಳು ತಿದ್ದುಪಡಿ ಬೇಕಾಯಿತು. ಯಾರಿಗೂ ನೋವಾಗದಂಥದ್ದು, ಜಗಳವಾಗದಂಥದ್ದು. ಬಹಳ ಯೋಚಿಸಿ ಅಧ್ಯಕ್ಷರು ಬರೆದದ್ದು: "ಸಂಘದ ಬಿಸಿಬೇಳೆಬಾತಿಗೆ ಈರುಳ್ಳಿ ಹಾಕತಕ್ಕದ್ದು."

"ಬೇರೆ ಉದಾಹರಣೆ ಸಿಗಲಿಲ್ಲವೇನಪ್ಪ?" ಎಂದೆ.

"ಡಮ್ಮಿ ಅಂಕಲ್. ಜಸ್ಟ್ ಡಮ್ಮಿ."

ಡಮ್ಮಿ ಮೂರು ಗಂಟೆ ನಡೆಯಿತು. ನಾನೇ ಎರಡು ಸಲ ಎದ್ದು ನಿಂತೆ ಎಂದು ಒಪ್ಪಿಕೊಳ್ಳುತ್ತೇನೆ. ನೈವೇದ್ಯಕ್ಕಿಟ್ಟದ್ದನ್ನೇ ಬಡಿಸುವ ಸಂಘದಲ್ಲಿ ಈರುಳ್ಳಿ ಎಲ್ಲಿಂದ ಬರಬೇಕು? "ಈರುಳ್ಳಿ ಇಲ್ಲದ್ದಕ್ಕ ಬಿಸಿಬೇಳೆಬಾತ್ ಅನ್ನಬ್ಯಾಡ್ರಿ, ಬಿಸಿ ಬೇಳಿ ಅನ್ರಿ ಸಾಕು," ಎಂದರು ಹಿರಿಯರು. ಯಾರೋ ಬೆಳ್ಳುಳ್ಳಿಯ ಉಪತಿದ್ದುಪಡಿ ತಂದರು. ಹಾಸನದ ಒಬ್ಬರು ಅತ್ತರು. ಸುಮ್ಮನಿರಿ ಎಂದು ಹೇಳಲು ನೇಮಿಸಿದ್ದವರು ಈರುಳ್ಳಿಯ ಪರವಾಗಿ ಹದಿನೈದು ನಿಮಿಷ ಮಾತಾಡಿದರು. ಕೊನೆಗೆ ಮತಕ್ಕೆ ಹಾಕಿದಾಗ ಈರುಳ್ಳಿಯೇ ಗೆದ್ದಿತು.

ಮನೆಗೆ ಬಂದು ಸ್ನಾನ ಮಾಡಿ ದೇವರ ಮುಂದೆ ಕೂತೆ. ಹೆಂಡತಿ ಬಾಗಿಲಲ್ಲಿ ನಿಂತು, "ಆಂಟಿ ವಿಷಯ ಏನಾಯ್ತು?" ಎಂದಳು.

"ಅದಿನ್ನೂ ಬಂದಿಲ್ಲ."

"ಮತ್ತೆ ಇಷ್ಟು ಹೊತ್ತು ಏನು ಮಾಡಿದ್ರಿ?"

ಒಂದೂವರೆ ವರ್ಷದಲ್ಲಿ ನಮ್ಮ ಸಂಘ ಪಾಸು ಮಾಡಿದ ತಿದ್ದುಪಡಿ ಈರುಳ್ಳಿಯದೊಂದೇ.

೬. ನಲವತ್ತನೇ ಕೈ

ಕೊನೆಗೂ ಸಮಾವೇಶ ಕೂಡಿತು. ಟೂಂಗಾಬಿಯ ಒಂದು ಶಾಲೆಯ ಹಾಲ್. ಮೆಲ್ಬರ್ನಿನವರು ಬೆಳಗಿನ ವಿಮಾನದಲ್ಲಿ ಬಂದಿದ್ದರು. ಧಾರವಾಡದ ಹಿರಿಯರು ಅಧ್ಯಕ್ಷ ಪೀಠದಲ್ಲಿ, ಕೋಟು ಹಾಕಿಕೊಂಡು. ಹಾಲಿನ ಹಿಂದಿನ ಅಡುಗೆಮನೆಯಲ್ಲಿ ಟೂಂಗಾಬಿ ಆಂಟಿ ಅಡುಗೆ ಮಾಡುತ್ತಿದ್ದರು. ಸದಸ್ಯರಲ್ಲದವರು ಒಳಗೆ ಕೂರುವಂತಿಲ್ಲ ಎಂದು ನಾವೇ ನಿಯಮ ಮಾಡಿದ್ದೆವಲ್ಲ.

ನಾನು ತಲೆ ಎಣಿಸಿದೆ. ಮೂವತ್ತೊಂಬತ್ತು ಕುಟುಂಬ. ಇನ್ನೊಮ್ಮೆ ಎಣಿಸಿದೆ. ಮೂವತ್ತೊಂಬತ್ತೇ. ಸ್ಕೋಫೀಲ್ಡ್ಸಿನ ಒಂದು ಕುಟುಂಬ ಮಗಳ ನೆಟ್‌ಬಾಲ್ ಪಂದ್ಯಕ್ಕೆ ಹೋಗಿತ್ತು. ಫೋನ್ ಮಾಡಿದರೆ, "ಸೆಮಿಫೈನಲ್ ಅಂಕಲ್, ಗೆದ್ದರೆ ಸಂಜೆಯಾಗುತ್ತೆ" ಎಂದರು. ಸಂಜೆ ಆರಕ್ಕೆ ಮೆಲ್ಬರ್ನಿನವರ ವಿಮಾನ. ಈಗ ಆಗದಿದ್ದರೆ ಮತ್ತೆ ಯಾವಾಗಲೋ. ಅಡುಗೆಮನೆಯ ಬಾಗಿಲಲ್ಲಿ ಆಂಟಿ ಬಂದು ನಿಂತಿದ್ದರು, ಅಕ್ಕಿ ತೊಳೆದ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ. ಎರಡು ವರ್ಷ ಕೇಳಿ ಅವರಿಗೂ ಸಾಕಾಗಿತ್ತು.

"ಒಂದು ಕಮ್ಮಿ," ಎಂದೆ. "ರದ್ದು ಮಾಡಬೇಕಾಗುತ್ತೆ."

ಹಾಲ್ ಪೂರ್ತಿ ಉಸ್ಸಪ್ಪ ಎಂದಿತು. ಹಿರಿಯರು ಮಾತ್ರ ಸಂವಿಧಾನದ ಪ್ರತಿ ತೆಗೆದು ಬೆರಳಿಟ್ಟು ಓದತೊಡಗಿದರು. ಆ ಮನುಷ್ಯ ನಿಯಮ ಹಾಕುವುದರಲ್ಲಿ ಎಷ್ಟು ಗಟ್ಟಿಯೋ ದಾರಿ ಹುಡುಕುವುದರಲ್ಲೂ ಅಷ್ಟೇ ಗಟ್ಟಿ ಎಂದು ನನಗೆ ಅವತ್ತು ತಿಳಿಯಿತು.

"ಸೆಕ್ರೆಟರಿ ಸಾಹೇಬ್ರ, ಅಕ್ಕಾರ ಯಜಮಾನ್ರು ಕಾಯಂ ಸದಸ್ಯರಾಗಿದ್ರಲ್ರಿ?"

"ಹೌದು."

"ಇಲ್ಲಿ ಹದಿನಾಲ್ಕನೇ ಪುಟದಾಗ ಏನಂದಾರ ಕೇಳ್ರಿ. ಕಾಯಂ ಸದಸ್ಯತ್ವವು ಯಜಮಾನರು ಸ್ವತಃ ಬರೆದು ರಾಜೀನಾಮೆ ಕೊಡುವವರೆಗೆ ಮುಂದುವರಿಯುತ್ತದೆ. ಅವ್ರು ರಾಜೀನಾಮಿ ಬರದು ಕೊಟ್ಟಾರೇನು?"

ನಾನು ಆಂಟಿಯ ಮುಖ ನೋಡಿದೆ. ಆಂಟಿ, "ಇಲ್ಲ. ಹೋಗುವ ಗಡಿಬಿಡಿಯಲ್ಲಿ ಮರೆತಿರಬೇಕು," ಎಂದರು.

"ಮುಗೀತಲ್ರಿ. ಅಂದಮ್ಯಾಲೆ ಅವ್ರ ಸದಸ್ಯತ್ವ ಚಾಲ್ತಿ ಐತಿ. ಅವ್ರ ಪರವಾಗಿ ಮನಿಯವರು ಹಾಜರದಾರ. ನಲವತ್ತು ಆತು. ಬಾಗಿಲಾ ಹಾಕ್ರಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಹಿರಿಯರು ಸಾಲು ಓದಿದರು: "ಸದಸ್ಯರೆಂದರೆ ಹದಿನೆಂಟು ದಾಟಿದ ಪ್ರತಿಯೊಬ್ಬರೂ, ತಮ್ಮ ತಮ್ಮ ಹೆಸರಿನಲ್ಲಿ." ಮೂವತ್ತೊಂಬತ್ತು ಕೈ ಎದ್ದವು. ನಲವತ್ತನೆಯದಕ್ಕಾಗಿ ಎಲ್ಲರೂ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು.

"ಅಕ್ಕಾರ," ಎಂದು ಹಿರಿಯರು ಬಹಳ ಮರ್ಯಾದೆಯಿಂದ ಕೇಳಿದರು, "ನಿಮ್ಮ ಯಜಮಾನ್ರ ಅಭಿಪ್ರಾಯ ಏನ್ರಿ?"

ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಅವರು ಮೀಟಿಂಗಿನಲ್ಲಿ ಸ್ವಂತ ಅಭಿಪ್ರಾಯ ಹೇಳಿದ್ದುಂಟಾ? ನಾನು ಪಕ್ಕದಲ್ಲಿ ಕೂತು ಮೊಣಕೈಯಲ್ಲಿ ತಿವಿಯುತ್ತಿದ್ದೆ, ಆಗ ಎತ್ತುತ್ತಿದ್ದರು. ಈಗ ಆ ತಿವಿಯುವ ಕೆಲಸ ತಪ್ಪಿತು, ಅಷ್ಟೆ." ಹಾಗೆಂದು ಕೈ ಎತ್ತಿದರು. ಒದ್ದೆ ಕೈ, ಬೆರಳಿಗೆ ನಾಲ್ಕು ಅಕ್ಕಿಕಾಳು ಅಂಟಿದ್ದವು.

ಎರಡು ವರ್ಷದ ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ಕೆಲವರು ಕಣ್ಣೊರೆಸಿಕೊಂಡರು. ನಾನು ನಡಾವಳಿ ಬರೆಯಲು ಕೂತೆ. ನನ್ನದು ನಿಧಾನದ ಕೈ, ಬರೆಯುತ್ತ ಯೋಚಿಸುವುದು ಹಳ್ಳಿಯ ಮೇಷ್ಟ್ರು ಕಲಿಸಿದ ಅಭ್ಯಾಸ. "ಚಾಲ್ತಿಯಲ್ಲಿರುವ ಸದಸ್ಯರಾದ ದಿವಂಗತರ ಪರವಾಗಿ, ಅವರ ಮೂಲಕ ಸದಸ್ಯೆಯಾದ ಅವರ ಪತ್ನಿ..." ಎಂದು ಬರೆಯುವಷ್ಟರಲ್ಲಿ ಪೆನ್ನು ನಿಂತಿತು.

"ಒಂದು ಸಣ್ಣ ಸಂಶಯ," ಎಂದೆ.

"ಕೇಳ್ರಿ."

"ಅಂಕಲ್ ಇನ್ನೂ ಸದಸ್ಯರು ಎಂದಾದರೆ, ಹಳೆಯ ಸಾಲಿನ ಪ್ರಕಾರವೇ ಆಂಟಿ ಅವರ ಮೂಲಕ ಸದಸ್ಯರೇ ಆಗಿದ್ದರಲ್ಲವೇ? ಎರಡು ವರ್ಷದಿಂದಲೂ? ಹಾಗಾದರೆ ತಿದ್ದುಪಡಿ ಯಾತಕ್ಕೆ? ಅವರು ಸದಸ್ಯರಲ್ಲ ಎಂದಾದರೆ, ಇವತ್ತು ನಲವತ್ತು ಆಗಲಿಲ್ಲ. ತಿದ್ದುಪಡಿ ಆಗಲೂ ಇಲ್ಲ."

ಹಿರಿಯರು ಹದಿನಾಲ್ಕನೇ ಪುಟವನ್ನು ಮೆಲ್ಲಗೆ ಮುಚ್ಚಿದರು. ನಮ್ಮ ಅಧ್ಯಕ್ಷರು ಎದ್ದು ಬಂದು, "ಅಂಕಲ್, ಪ್ಲೀಸ್, ಪೆನ್ ಕೆಳಗಿಡಿ" ಎಂದರು.

ಆಂಟಿ ಬಾಗಿಲಿನಿಂದ ಮುಂದೆ ಬಂದರು. "ಅಂದ್ರೆ, ಈ ಎರಡು ವರ್ಷವೂ ನಾನು ಮೆಂಬರಾಗಿಯೇ ಇದ್ದೆನಾ?"

"ಲೆಕ್ಕದ ಪ್ರಕಾರ ಹೌದು," ಎಂದೆ, ತಲೆ ತಗ್ಗಿಸಿ. ಬೈಗುಳಕ್ಕೆ ಸಿದ್ಧನಾಗಿದ್ದೆ.

"ಹಾಗಾದ್ರೆ ನೀವು ಮಾಡಿದ ಮೀಟಿಂಗಿಗೆಲ್ಲ ನನ್ನನ್ನೂ ಕರೆಯಬೇಕಿತ್ತಾ? ಅಷ್ಟಕ್ಕೂ?"

"ಕರೆಯಬೇಕಿತ್ತು. ನಮ್ಮ ತಪ್ಪಾಯಿತು."

ಆಂಟಿ ಎರಡೂ ಕೈ ಜೋಡಿಸಿ ಮೇಲೆ ನೋಡಿದರು. "ನಮ್ಮವರು ಇರುವಾಗ ಒಂದು ಲೋಟ ತೊಳೆದವರಲ್ಲ," ಎಂದರು, "ಹೋದ ಮೇಲೆ ನನ್ನನ್ನು ಎಂಥಾದ್ದರಿಂದ ಪಾರು ಮಾಡಿದ್ದಾರೆ ನೋಡಿ!"